ಭಾಗ 4: ಹಾರೋದು ಧೈರ್ಯ ಅಲ್ಲ

ಮೈಸೂರಲ್ಲಿ ಬೋಧಕರ ಎದೆಗೆ ಕಟ್ಕೊಂಡು ಒಂದೇ ಸಲ ಜಿಗಿದು ಬಂದು ಬಯೋದಲ್ಲಿ 'ಸ್ಕೈಡೈವರ್' ಅಂತ ಹಾಕ್ಕೋತೀರಲ್ಲ, ಸ್ವಲ್ಪ ತಡೀರಿ. ಅಮೆರಿಕದಲ್ಲಿ ಮೊದಲ ಲೈಸೆನ್ಸಿಗೇ 25 ಜಿಗಿತ ಬೇಕು.

ಬೆನ್ನ ಮೇಲೆ ಪ್ಯಾರಾಚೂಟ್ ಒಂದಲ್ಲ, ಎರಡು. ನಿಮಗೆ ಎಚ್ಚರ ತಪ್ಪಿದ್ರೂ ಎರಡನೇದನ್ನ ತಾನಾಗೇ ಬಿಚ್ಚೋಕೆ ಒಂದು ಯಂತ್ರ. ವಿಮಾನ ಹತ್ತೋ ಮುಂಚೆ ಇನ್ನೊಬ್ರು ನಿಮ್ಮ ಪಟ್ಟಿ, ಪಿನ್ನು ನೋಡ್ತಾರೆ. ಗಾಳಿ ಜೋರಿದ್ರೆ ಸಾವಿರ ಸಲ ಹಾರಿದೋರೂ ಕೆಳಗೇ ಕೂರ್ತಾರೆ. ಅವರನ್ನ ಹೇಡಿ ಅನ್ನಲ್ಲ.

ನಮ್ಮಲ್ಲಿ? ಶಿವನಿ ಸ್ಟೇಷನ್ನಲ್ಲಿ ಹೊರಟ ರೈಲಿಗೆ ಓಡಿ ನೇತಾಡಿದೋನು ಹೀರೋ. ಸೊಂಟಕ್ಕೆ ಹಗ್ಗ ಕಟ್ಕೊಂಡು ಅಡಿಕೆ ಮರ ಹತ್ತಿದೋನು ಪುಕ್ಕಲ!

ಹತ್ತು ಸಾವಿರ ಅಡಿಯಿಂದ ಜಿಗಿಯೋರಿಗೇ ಇರೋ ಭಯ ನಿಮಗ್ಯಾಕಿಲ್ಲ? ಯಾರಾದ್ರೂ "ಇವತ್ತು ಬೇಡ" ಅಂದ್ರೆ ನಗಬೇಡಿ. ಎಲ್ಲರ ಮುಂದೆ ಹಾಗನ್ನೋಕೇ ನಿಜವಾದ ಧೈರ್ಯ ಬೇಕು.

#ಶಿವನಿ #ಸ್ಕೈಡೈವಿಂಗ್