ಒಂದೇ ‘ಬೇಕು’, ಹಲವು ಇಂಗ್ಲಿಷ್ ಮಾತು

ನಮ್ಮ ಕನ್ನಡದಲ್ಲಿ ‘ಬೇಕು’ ಎಂಬ ಪದದಷ್ಟು ದುಡಿಯುವ ಪದ ವಿರಳ. ‘ದಿನವೂ ಸ್ವಲ್ಪ ನಡೆಯಬೇಕು’ ಎಂದು ವೈದ್ಯರು ಹೇಳಿದರೆ ಅದು ಸಲಹೆ. ‘ಕಂದಾಯ ಕಟ್ಟಬೇಕು’ ಎಂದರೆ ಕಟ್ಟಳೆ. ‘ಬೆಳೆಗೆ ನೀರು ಬೇಕು’ ಎಂದರೆ ಅಗತ್ಯ. ‘ಮದುವೆಗೆ ತಾವು ತಪ್ಪದೆ ಬರಬೇಕು’ ಎಂದರೆ ಪ್ರೀತಿಯ ಕರೆ. ಹೇಳುವವರ ದನಿ ಮತ್ತು ಸಂದರ್ಭಗಳೇ ಇಲ್ಲಿ ಅರ್ಥವನ್ನು ನಿರ್ಣಯಿಸುತ್ತವೆ.

ಇಂಗ್ಲಿಷ್ ಈ ಕೆಲಸವನ್ನು ಶುಡ್, ಮಸ್ಟ್, ಹ್ಯಾವ್ ಟು, ನೀಡ್ ಎಂದು ಹಂಚಿಕೊಟ್ಟಿದೆ. ನಮ್ಮ ತರಗತಿಗಳಲ್ಲಿ ಇವೆಲ್ಲಕ್ಕೂ ಎದುರಿಗೆ ‘ಬೇಕು’ ಎಂದು ಬರೆಸಿ ಬಿಟ್ಟ ಸ್ಥಳ ತುಂಬಿಸುವ ರೂಢಿಯಿದೆ. ಇದು ಸಾಲದು ಎಂಬುದು ನನ್ನ ಅಭಿಪ್ರಾಯ. ‘ರಜೆ ದಯಪಾಲಿಸಬೇಕು’ ಎಂಬ ವಿನಯದ ಮಾತನ್ನು ಮಗು ‘ಯು ಮಸ್ಟ್ ಗ್ರಾಂಟ್ ಮಿ ಲೀವ್’ ಎಂದು ಬರೆದರೆ ಬಿನ್ನಹವು ಆಜ್ಞೆಯಾಗಿ ಬಿಡುತ್ತದೆ. ಮಗು ಉದ್ಧಟನಲ್ಲ, ಅವನ ಕನ್ನಡದ ವಿನಯ ದಾರಿಯಲ್ಲಿ ಕಳೆದುಹೋಯಿತು, ಅಷ್ಟೆ. ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಅರ್ಜಿ ಹಾಕುವ ನಮ್ಮೂರಿನ ಯುವಕ ಯುವತಿಯರಿಗೆ ಇದು ಕೇವಲ ವ್ಯಾಕರಣದ ವಿಷಯವಲ್ಲ.

ಹಾಗೆಂದು ಕನ್ನಡ ಬಡ ಭಾಷೆಯಲ್ಲ. ನಿಷೇಧಕ್ಕೆ ಬಂದಾಗ ನೋಡಿ: ‘ಬರಬೇಕಾಗಿಲ್ಲ’ ಎಂದರೆ ಬಾರದಿದ್ದರೂ ಆದೀತು, ಅದು ‘ನೀಡ್ ನಾಟ್’. ‘ಬರಕೂಡದು’ ಎಂದರೆ ‘ಮಸ್ಟ್ ನಾಟ್’. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡಿನ ಹಾದಿ ಹಿಡಿದವರಿಗೆ ಇದು ಚೆನ್ನಾಗಿ ಗೊತ್ತು. 2009ರಲ್ಲಿ ಬಂದ ನಿರ್ಬಂಧದಂತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳು ಹೋಗಕೂಡದು, ಆಂಬುಲೆನ್ಸ್ ಹೋಗಬಹುದು. ಭೂತಕಾಲದಲ್ಲಿಯೂ ಅಷ್ಟೆ. ‘ಹೋಗಬೇಕಾಯಿತು’ ಎಂದವನು ಹೋಗಿದ್ದಾನೆ, ಅದು ‘ಹ್ಯಾಡ್ ಟು ಗೋ’. ‘ಹೋಗಬೇಕಿತ್ತು’ ಎಂದು ನಿಟ್ಟುಸಿರು ಬಿಟ್ಟವನು ಹೋಗಿಲ್ಲ, ಅದು ‘ಶುಡ್ ಹ್ಯಾವ್ ಗಾನ್’. ಈ ಭೇದ ನಮ್ಮ ಮಕ್ಕಳ ನಾಲಗೆಯ ಮೇಲೆಯೇ ಇದೆ. ಅದನ್ನು ಹೊರತೆಗೆದು ತೋರಿಸುವುದೇ ಮೇಷ್ಟರ ಕೆಲಸ.

ಇಂಥ ಸಣ್ಣ ಪದಗಳ ಮೇಲೆ ಎಷ್ಟು ದೊಡ್ಡ ವಿಷಯ ನಿಂತಿರುತ್ತದೆ ಎಂಬುದಕ್ಕೆ ನಮ್ಮ ಸಂವಿಧಾನವೇ ಸಾಕ್ಷಿ. 1950ರಲ್ಲಿ ಜಾರಿಗೆ ಬಂದ 45ನೆಯ ಅನುಚ್ಛೇದವು, 14 ವರ್ಷದವರೆಗಿನ ಮಕ್ಕಳಿಗೆ 10 ವರ್ಷಗಳೊಳಗೆ ಉಚಿತ ಕಡ್ಡಾಯ ಶಿಕ್ಷಣ ಕೊಡಲು ರಾಜ್ಯವು ‘ಪ್ರಯತ್ನಿಸತಕ್ಕದ್ದು’ ಎಂಬರ್ಥದಲ್ಲಿತ್ತು. ಅಲ್ಲಿಯೂ ‘ಶಲ್’ ಇತ್ತು ನಿಜ. ಆದರೆ ಅದು ಪ್ರಯತ್ನಕ್ಕೆ ಮಾತ್ರ ಅಂಟಿತ್ತು. ನಿರ್ದೇಶಕ ತತ್ತ್ವವಾದ್ದರಿಂದ ನ್ಯಾಯಾಲಯದಲ್ಲಿ ಕೇಳುವಂತೆಯೂ ಇರಲಿಲ್ಲ. 2002ರ 86ನೆಯ ತಿದ್ದುಪಡಿಯು 21ಎ ಅನುಚ್ಛೇದವನ್ನು ಸೇರಿಸಿ, 6ರಿಂದ 14 ವರ್ಷದ ಮಕ್ಕಳ ವಿಷಯದಲ್ಲಿ ಆ ‘ಶಲ್’ ಅನ್ನು ‘ಒದಗಿಸು’ವುದಕ್ಕೇ ಅಂಟಿಸಿತು. ಹೇಗೆ ಒದಗಿಸುವುದೆಂಬುದನ್ನು ಮಾತ್ರ ‘ಮೇ’ ಎಂಬ ಪದದಿಂದ ರಾಜ್ಯದ ವಿವೇಚನೆಗೆ ಬಿಟ್ಟಿತು. ಅದು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಪ್ರಯತ್ನಿಸುವುದಕ್ಕೂ ಒದಗಿಸುವುದಕ್ಕೂ ನಡುವೆ ಅರವತ್ತು ವರ್ಷ ಕಳೆದವು. ಆ ನಡುವೆ ಶಾಲೆಯ ಮೆಟ್ಟಿಲು ಹತ್ತದೆ ದನ ಮೇಯಿಸಿ ಬೆಳೆದವರು ನಮ್ಮೂರಿನಲ್ಲೂ ಇದ್ದಾರೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ಶಿಕ್ಷಕರಾಗಿದ್ದೀರಿ. ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೆ. ಈ ಪಾಠ ಮಾಡುವಾಗ ಪಟ್ಟಿಯಿಂದ ಆರಂಭಿಸದಿರಿ. ಮೊದಲು ಮಕ್ಕಳಿಂದ ಹತ್ತು ‘ಬೇಕು’ಗಳನ್ನು ಹೇಳಿಸಿ. ಯಾರು ಯಾರಿಗೆ ಹೇಳಿದ್ದು, ಮಾಡದಿದ್ದರೆ ಏನಾಗುತ್ತದೆ ಎಂದು ಕೇಳಿ. ಉತ್ತರ ಬಂದ ಮೇಲೆ ಇಂಗ್ಲಿಷ್ ಪದವನ್ನು ಕೊಡಿ. ಪಾಠಕ್ಕೆ ಒಂದು ಪೀರಿಯಡ್ ಹೆಚ್ಚು ಹಿಡಿದೀತು. ಹಿಡಿಯಲಿ.