ಹಳೆ ಕಂಪ್ಯೂಟರಿಗೆ ಲಿನಕ್ಸ್: ತೊಡಕಿರುವುದು ಡಿಸ್ಕಿನ ಪಾಲುಪಟ್ಟಿಯಲ್ಲಿ

ಕಾಸರಗೋಡು: ಮೈಕ್ರೋಸಾಫ್ಟ್ ಕಂಪೆನಿಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಬೇಕಾದವರಿಗೆ ಇನ್ನೊಂದು ವರ್ಷ ಭದ್ರತಾ ಪರಿಷ್ಕರಣೆ ಎಂದು ಪ್ರಕಟಿಸಿದ್ದರೂ ಅದರ ಗಡುವು 2026ರ ಅಕ್ಟೋಬರ್ 13. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಬೇಕು, ಪ್ರೊಸೆಸರ್ ಕೂಡ ಹೊಸತಾಗಿರಬೇಕು. ಹೀಗಾಗಿ ಏನೂ ಕೆಟ್ಟಿಲ್ಲದ ಗಣಕವೂ ಗುಜರಿ ಲೆಕ್ಕಕ್ಕೆ ಸೇರುತ್ತದೆ.

ಇದಕ್ಕೆ ಪರ್ಯಾಯ ಗಡಿನಾಡಿನ ಮಕ್ಕಳಿಗೆ ಹೊಸದೇನಲ್ಲ. 2001ರಲ್ಲಿ ಐಟಿ@ಸ್ಕೂಲ್ ಆಗಿ ಆರಂಭವಾಗಿ 2017ರಲ್ಲಿ 'ಕೈಟ್' ಆದ ಕೇರಳದ ಯೋಜನೆ ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮುಕ್ತ ತಂತ್ರಾಂಶವನ್ನೇ ತಂದಿತು. ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಉಬುಂಟು ಆಧಾರಿತ ಲಿನಕ್ಸಿನಲ್ಲೇ ಕಲಿಯುತ್ತಾರೆ. ಲಿನಕ್ಸ್ ಬಳಸುವುದು ಅವರಿಗೆ ಕಷ್ಟವಲ್ಲ. ಆದರೆ ಶಾಲೆಯ ಗಣಕದಲ್ಲಿ ಯಾರೋ ಮೊದಲೇ ಹಾಕಿಕೊಟ್ಟಿರುತ್ತಾರೆ. ಮನೆಯದ್ದರಲ್ಲಿ ವಿಂಡೋಸ್ ಇದೆ, ಮದುವೆ ಫೋಟೊ ಇದೆ, ಆಧಾರದ ಸ್ಕ್ಯಾನ್ ಪ್ರತಿ ಇದೆ. ಅದನ್ನೆಲ್ಲ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸಿಗೆ ಜಾಗ ಮಾಡಬೇಕಾದಾಗಲೇ ಪೇಚಾಟ ಶುರು.

ಡಿಸ್ಕಿನ ಪಾರ್ಟಿಶನ್ ಟೇಬಲ್ ಎಂದರೆ ಒಂದು ಬಗೆಯ ಪಾಲುಪಟ್ಟಿ. ಹಳೆಯ ಎಂಬಿಆರ್ ಪದ್ಧತಿಯ ಪಟ್ಟಿಯಲ್ಲಿ ಇರುವುದು ನಾಲ್ಕೇ ಸಾಲು. ವಿಂಡೋಸ್ 7ರ ಕಾಲದ ಎಷ್ಟೋ ಲ್ಯಾಪ್‌ಟಾಪ್‌ಗಳು ಕಾರ್ಖಾನೆಯಿಂದ ಬರುವಾಗಲೇ ಮೂರೋ ನಾಲ್ಕೋ ಸಾಲು ತುಂಬಿಸಿಕೊಂಡು ಬಂದಿದ್ದವು. ಮತ್ತೊಂದು ಡ್ರೈವ್ ಬೇಕೆಂದು ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋದರೆ 'ಡೈನಾಮಿಕ್ ಡಿಸ್ಕ್ ಆಗಿ ಬದಲಿಸಲೇ?' ಎಂದು ಅದು ಕೇಳುತ್ತದೆ. ಹೌದು ಎಂದು ಒತ್ತಿದವರು ಸಾವಿರ ಮಂದಿ; ಎಚ್ಚರಿಕೆಯನ್ನು ಪೂರ್ತಿ ಓದಿದವರು ಎಷ್ಟು ಮಂದಿಯೋ!

ವಿಂಡೋಸ್ 2000ದೊಂದಿಗೆ ಬಂದ ಈ ಡೈನಾಮಿಕ್ ಡಿಸ್ಕಿನಲ್ಲಿ ಪಾರ್ಟಿಶನ್ ಬದಲು 'ವಾಲ್ಯೂಮ್'ಗಳಿರುತ್ತವೆ. ಅವುಗಳ ಲೆಕ್ಕ ಮಾಮೂಲಿ ಪಟ್ಟಿಯಲ್ಲಿ ಇರದೆ ಡಿಸ್ಕಿನ ಕೊನೆಯ ಭಾಗದಲ್ಲಿ ಬೇರೆಯೇ ಇರುತ್ತದೆ. ಲಿನಕ್ಸಿನ ಇನ್‌ಸ್ಟಾಲರಿಗೆ ಆ ವಾಲ್ಯೂಮುಗಳನ್ನು ಕುಗ್ಗಿಸಿ ಜಾಗ ಬಿಡಿಸಲು ಬರುವುದಿಲ್ಲ. ಆಗ ಅದು ಮುಂದಿಡುವುದು 'ಇಡೀ ಡಿಸ್ಕ್ ಅಳಿಸು' ಎಂಬ ಆಯ್ಕೆ. ಫೋಟೊ, ದಾಖಲೆಗಳು ಮಾಯವಾಗುವುದು ಈ ಹಂತದಲ್ಲೇ. ವಾಪಸು ಬೇಸಿಕ್ ಡಿಸ್ಕ್ ಮಾಡಲು ವಿಂಡೋಸಿನಲ್ಲಿರುವ ದಾರಿಯೂ ಎಲ್ಲ ವಾಲ್ಯೂಮುಗಳನ್ನು ಅಳಿಸಿದ ನಂತರವೇ. ಮಾಹಿತಿ ಉಳಿಸಿಯೇ ಬದಲಿಸುತ್ತೇವೆ ಎನ್ನುವ ತಂತ್ರಾಂಶಗಳಿವೆ, ಆದರೆ ಹೊರಗೊಂದು ಪ್ರತಿ ಇಲ್ಲದೆ ಅವನ್ನು ನೆಚ್ಚುವುದು ಜೂಜೇ ಸರಿ.

ಬೇಸಿಕ್ ಡಿಸ್ಕ್ ಇದ್ದೂ ಇನ್‌ಸ್ಟಾಲರ್ ತಕರಾರು ಮಾಡಿದರೆ ಕಾರಣ ಸಾಮಾನ್ಯವಾಗಿ ಸಣ್ಣದು. ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಚಾಲೂ ಇದ್ದರೆ ಶಟ್‌ಡೌನ್ ಮಾಡಿದರೂ ಗಣಕ ಪೂರ್ತಿ ಆರುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯ ಡ್ರೈವನ್ನು ಕುಗ್ಗಿಸಲು ಲಿನಕ್ಸ್ ಒಪ್ಪದು, ಒಪ್ಪಲೂ ಬಾರದು. ಕಂಟ್ರೋಲ್ ಪ್ಯಾನಲಿನಲ್ಲಿ ಅದನ್ನು ಆರಿಸಬೇಕು. ಬಿಟ್‌ಲಾಕರ್ ಇದ್ದರೆ 48 ಅಂಕೆಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟು ಆಮೇಲೆ ಅದನ್ನು ತೆಗೆಯಬೇಕು. ಸಿ ಡ್ರೈವನ್ನು ವಿಂಡೋಸಿನ ಒಳಗಿಂದಲೇ ಕುಗ್ಗಿಸುವುದು ಕ್ಷೇಮ.

ಡಿಸ್ಕೇ ಕಾಣಿಸದಿದ್ದರೆ ಬಯಾಸಿನಲ್ಲಿ ಇಂಟೆಲ್ ಆರ್‌ಎಸ್‌ಟಿ ಅಥವಾ ರೇಡ್ ಎಂದಿದೆಯೇ ನೋಡಬೇಕು. ಅದನ್ನು ಏಕಾಏಕಿ ಎಎಚ್‌ಸಿಐಗೆ ತಿರುಗಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ಕೈಕೊಡಬಹುದು. ಮೊದಲು ಸೇಫ್ ಮೋಡಿನಲ್ಲಿ ಏಳುವಂತೆ ಹೊಂದಿಸಿ, ಬಯಾಸಿನಲ್ಲಿ ಬದಲಿಸಿ, ಒಮ್ಮೆ ಸೇಫ್ ಮೋಡಿನಲ್ಲಿ ಎದ್ದ ಮೇಲೆ ಆ ಹೊಂದಾಣಿಕೆ ತೆಗೆದರೆ ಸರಿಹೋಗುತ್ತದೆ.

ಇನ್ನು ಹೆಸರಿನ ಗೊಂದಲ. ಸಿ, ಡಿ ಎಂಬ ಅಕ್ಷರಗಳು ವಿಂಡೋಸಿನ ಮಾತು. ಲಿನಕ್ಸಿನಲ್ಲಿ ಅದೇ ಜಾಗ ಎಸ್‌ಡಿಎ2, ಎಸ್‌ಡಿಎ3 ಎಂದು ಕಾಣುತ್ತದೆ, ಕ್ರಮವೂ ಹೊಂದಬೇಕೆಂದಿಲ್ಲ. ಹೆಸರು ನೋಡಿ ಊಹಿಸುವುದಕ್ಕಿಂತ ಪ್ರತಿಯೊಂದರ ಗಾತ್ರವನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ತಾಳೆ ನೋಡುವುದು ವಾಸಿ. ಯುಇಎಫ್‌ಐ ಗಣಕಗಳಲ್ಲಿ ಕೆಲವು ನೂರು ಎಂಬಿಯ ಪುಟ್ಟ ಇಎಫ್‌ಐ ಪಾರ್ಟಿಶನ್ ಇರುತ್ತದೆ. ಅದನ್ನು ಬಳಸಬಹುದು, ಫಾರ್ಮ್ಯಾಟ್ ಮಾಡಿದರೆ ಮಾತ್ರ ವಿಂಡೋಸ್ ಏಳುವುದಿಲ್ಲ.

ಡೈನಾಮಿಕ್ ಡಿಸ್ಕಿನವರಿಗೆ ಹೆಚ್ಚು ತಲೆನೋವಿಲ್ಲದ ದಾರಿ, ಒಂದು ಸಣ್ಣ ಎಸ್‌ಎಸ್‌ಡಿ ಕೊಳ್ಳುವುದು. ಹಳೆಯ ಡಿಸ್ಕನ್ನು ಬಿಚ್ಚಿ ಬದಿಗಿಟ್ಟು, ಹೊಸತರಲ್ಲಿ ಲಿನಕ್ಸ್ ಹಾಕಿ, ಅದು ಸರಿಯಾಗಿ ಎದ್ದ ಮೇಲೆ ಹಳೆಯದನ್ನು ಯುಎಸ್‌ಬಿ ಕೇಬಲಿನಲ್ಲಿ ಜೋಡಿಸಬಹುದು. ಡೈನಾಮಿಕ್ ವಾಲ್ಯೂಮಿನೊಳಗಿನ ಕಡತಗಳನ್ನು ಓದಲು ಲಿನಕ್ಸಿನಲ್ಲಿ 'ಎಲ್‌ಡಿಎಂಟೂಲ್' ಎಂಬ ಉಚಿತ ಸಾಧನವಿದೆ.