ಹಿರಿಯರು ಬಯಸಿದ ಉಡುಗೊರೆ

ವಿವಾಹದ ಬೆಳ್ಳಿಹಬ್ಬ, ಸುವರ್ಣ ಮಹೋತ್ಸವಗಳನ್ನು ನಮ್ಮ ಕುಟುಂಬಗಳು ಇಂದು ಬಹು ಸಡಗರದಿಂದ ಆಚರಿಸುತ್ತಿವೆ. ದೇವಾಲಯದಲ್ಲಿ ಕೃತಜ್ಞತಾ ಬಲಿಪೂಜೆ, ಬಳಿಕ ಸಭಾಭವನದಲ್ಲಿ ಹಾರ, ಕೇಕು, ಭಾಷಣ, ಭೋಜನ. ಇದೆಲ್ಲ ಇರಬೇಕಾದುದೇ. ಐವತ್ತು ವರ್ಷ ಒಂದೇ ನೊಗಕ್ಕೆ ಹೆಗಲು ಕೊಟ್ಟವರನ್ನು ಗೌರವಿಸುವುದು ಸಮುದಾಯದ ಕರ್ತವ್ಯ. ಆದರೆ ಈ ಗದ್ದಲದಲ್ಲಿ ಒಂದು ಪ್ರಶ್ನೆ ಕೇಳಲು ನಾವು ಮರೆಯುತ್ತೇವೆ: ಆ ಹಿರಿಯರು ಬಯಸಿದ್ದಾದರೂ ಏನನ್ನು?

ನಮಗೆ ಪರಿಚಿತರಾದ ದಂಪತಿಗಳು 1975ರ ಜನವರಿಯಲ್ಲಿ ವಿವಾಹವಾದವರು. ಈಗ ಹುಬ್ಬಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾರೆ. 2025ರ ಸುವರ್ಣ ಮಹೋತ್ಸವಕ್ಕೆಂದು ಮಕ್ಕಳು ಸಭಾಭವನ ಗೊತ್ತುಮಾಡಲು ಹೊರಟಾಗ ತಾಯಿ ತಡೆದರು. "ಹಾಲ್ ಬ್ಯಾಡಪ್ಪಾ, ಒಂದ್ ದಿನ ನಮ್ಮ ಕಡೆ ಕರ್ಕೊಂಡ್ ಹೋಗ್ರಿ, ಸಾಕು" ಎಂದರು. 'ನಮ್ಮ ಕಡೆ' ಎಂದರೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆ. ತಂದೆ ಬೈಲಹೊಂಗಲದ ಬಳಿ ಬೆಳೆದವರು. ತಾಯಿ ಸವದತ್ತಿ ತಾಲೂಕಿನ ಮಲಪ್ರಭೆಯ ದಂಡೆಯವರು. ಅವರು ಮೊದಲು ಸಂಸಾರ ಹೂಡಿದ್ದು ರಾಮದುರ್ಗದಲ್ಲಿ, ತಂದೆಗೆ ಶಿಕ್ಷಕ ವೃತ್ತಿ ದೊರೆತಾಗ. ಬೆಳಗಿನ ಪೂಜೆ ಮುಗಿಸಿ ಮಗ, ಸೊಸೆ, ಮೊಮ್ಮಗನೊಡನೆ ಅವರು ಕಾರಿನಲ್ಲಿ ಹೊರಟರು.

ಕಿತ್ತೂರಿನ ಕೋಟೆಯಲ್ಲಿ ಮೊಮ್ಮಗನು ಪಾಠಪುಸ್ತಕದಲ್ಲಿ ಓದಿದ್ದನ್ನು ಒಪ್ಪಿಸಿದ: 1824ರ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಥ್ಯಾಕರೆ ಬಿದ್ದದ್ದು, ಮುಂದೆ ರಾಣಿ ಚೆನ್ನಮ್ಮ ಸೆರೆಯಾದದ್ದು. ಬೈಲಹೊಂಗಲದಲ್ಲಿ, 1829ರಲ್ಲಿ ಸೆರೆಯಲ್ಲೇ ತೀರಿಕೊಂಡ ಆ ರಾಣಿಯ ಸಮಾಧಿಯ ಮುಂದೆ ಅಜ್ಜ ತಮ್ಮ ಪಾಠ ಒಪ್ಪಿಸಿದರು: ಹತ್ತಿ ಹೇರಿದ ಚಕ್ಕಡಿಗಳು ಪೇಟೆಗೆ ಬರುತ್ತಿದ್ದುದು, ಅವುಗಳ ಹಿಂದೆ ಹುಡುಗರು ಜೋತುಬೀಳುತ್ತಿದ್ದುದು, ಸಿಕ್ಕಿಬಿದ್ದು ಪೆಟ್ಟು ತಿಂದದ್ದು. ಹುಡುಗನಿಗೆ ಎರಡನೆಯ ಪಾಠವೇ ಹೆಚ್ಚು ರುಚಿಸಿತೆಂದು ಬೇರೆ ಹೇಳಬೇಕಾಗಿಲ್ಲ.

ಮುಂದೆ ಎರೆಹೊಲಗಳ ದಾರಿ. ಹಿಂಗಾರಿ ಜೋಳ ತೆನೆ ಹಿರಿದು ನಿಂತಿತ್ತು, ಕಡಲೆ ಕಾಯಿಗಟ್ಟಿತ್ತು. ರೈತನೊಬ್ಬನು ಕೇಳುವ ಮೊದಲೇ ಒಂದು ಹಿಡಿ ಸುಲಗಾಯಿ ಕಿತ್ತುಕೊಟ್ಟ. ಬೇವಿನ ನೆರಳಲ್ಲಿ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿದರು. ಮದುವೆಯ ದಿಬ್ಬಣ ಬಂದದ್ದು ಯಾವ ಹಾದಿಯಲ್ಲಿ ಎಂಬ ಬಗ್ಗೆ ದಂಪತಿಗಳಲ್ಲಿ ವಾದವೆದ್ದಿತು. "ನಿಮಗ ಆವತ್ತೂ ದಾರಿ ಗೊತ್ತಿರಲಿಲ್ರೀ" ಎಂದು ತಾಯಿ ವಾದ ಮುಗಿಸಿದರು. ತಂದೆ ನಕ್ಕು ಸುಮ್ಮನಾದರು. ಐವತ್ತು ವರ್ಷದ ದಾಂಪತ್ಯದಲ್ಲಿ ಯಾವುದಕ್ಕೆ ಸೋಲಬೇಕೆಂಬುದನ್ನು ಅವರು ಬಲ್ಲರು.

ಸವದತ್ತಿಯ ಬಳಿ, ಎರಡು ಗುಡ್ಡಗಳ ನಡುವಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಹಿಂದೆ ರೇಣುಕಾಸಾಗರ ಹರಡಿದೆ. ಸುಮಾರು 37 ಟಿ.ಎಂ.ಸಿ. ಅಡಿ ನೀರು ನಿಲ್ಲುವ ಜಲಾಶಯವದು. 1970ರ ದಶಕದ ಆರಂಭದಲ್ಲಿ ಅದು ತುಂಬತೊಡಗಿದಾಗ ಹಲವು ಹಳ್ಳಿಗಳು ಮುಳುಗಿದವು. ತಾಯಿ ಹುಟ್ಟಿದ ಊರು ಅವುಗಳಲ್ಲೊಂದು. ದಂಡೆಯ ಮೇಲೆ ನಿಂತು ಅವರು ನೀರಿನತ್ತ ಕೈ ತೋರಿಸಿದರು: "ಅಲ್ಲಿ ನಮ್ಮ ಮನಿ. ಅದರಾಚೆ ಬಾವಿ." ನೀರಲ್ಲದೆ ಬೇರೇನೂ ಅಲ್ಲಿ ಕಾಣುತ್ತಿರಲಿಲ್ಲ.

ಮೊಮ್ಮಗ ಕೇಳಿದ: "ಅಜ್ಜಿ, ಈ ನೀರು ಎಲ್ಲಿಗೆ ಹೋಗ್ತದ?"

"ಹೊಲಕ್ಕ ಹೋಗ್ತದ. ನಮ್ಮ ಮನಿ ನಳಕ್ಕೂ ಬರ್ತದ. ನೀ ದಿನಾ ಕುಡಿಯೋದು ಇದೇ ನೀರು."

ನಿಜ, ಹುಬ್ಬಳ್ಳಿ–ಧಾರವಾಡ ಕುಡಿಯುವುದು ಹೆಚ್ಚಾಗಿ ಮಲಪ್ರಭೆಯ ನೀರನ್ನು. ಮಗನು ಮೌನವಾದನು. ತಾಯಿಯ ಊರು ಮುಳುಗಿತೆಂಬುದು ಅವನಿಗೆ ಗೊತ್ತಿತ್ತು. ಆದರೆ ಮದುವೆಯ ದಿನ ಆಕೆ ಹೊರಟದ್ದು ಪುನರ್ವಸತಿ ಗ್ರಾಮದ ತಗಡಿನ ಮನೆಯಿಂದ ಎಂಬುದನ್ನು ಕೇಳಿದ್ದು ಅಂದೇ. ತವರಿನ ಹೊಸ್ತಿಲು ನೀರಿನಡಿ ಸೇರಿದ ಮೇಲೆ ಗಂಡನ ಮನೆಗೆ ಬಂದ ಹೆಣ್ಣುಮಗಳು ಆ ನೋವನ್ನು ಐವತ್ತು ವರ್ಷ ಯಾರೊಡನೆ ಹೇಳಿಕೊಂಡಳು? ಪಕ್ಕದಲ್ಲಿ ನಿಂತಿದ್ದ ಗಂಡನೊಬ್ಬನೊಡನೆ. ದಾಂಪತ್ಯ ನಿಷ್ಠೆ ಎಂಬ ದೊಡ್ಡ ಮಾತಿನ ಅರ್ಥ ಬಹುಶಃ ಇಷ್ಟೇ: ಒಬ್ಬರ ಕಳೆದುಹೋದ ಊರನ್ನು ಇನ್ನೊಬ್ಬರು ನೆನಪಿನಲ್ಲಿ ಕಾಪಾಡುವುದು.

ರಾಮದುರ್ಗ ತಲುಪುವಾಗ ಸಂಜೆಯಾಗಿತ್ತು. ಅವರು ಸಂಸಾರ ಹೂಡಿದ್ದ ಬಾಡಿಗೆ ಮನೆ ಈಗಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಗೋಡೆಗಳು ಕುಸಿದವಂತೆ. ಆದರೆ ಓಣಿಯ ನೇಕಾರ ಕುಟುಂಬದ ವೃದ್ಧೆಯೊಬ್ಬರು ಇವರ ಗುರುತು ಹಿಡಿದು ಚಹಾ ಮಾಡಿ ಕೊಟ್ಟರು. ಹಾರವಿಲ್ಲದ, ಭಾಷಣವಿಲ್ಲದ ಆ ಸನ್ಮಾನದೊಂದಿಗೆ ಸುವರ್ಣ ಮಹೋತ್ಸವ ಮುಗಿಯಿತು.

ಇದು ಒಂದೇ ಮನೆಯ ಸಂಗತಿಯಲ್ಲ. ಹೊಲ, ಹಳ್ಳಿ ಬಿಟ್ಟು ಬಂದು ಮಕ್ಕಳ ಮನೆಯ ಒಂದು ಕೋಣೆಯಲ್ಲಿ ದಿನ ಕಳೆಯುತ್ತಿರುವ ದಂಪತಿಗಳು ನಮ್ಮ ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಅವರಿಗೆ ಔಷಧ, ಊಟ, ಟಿ.ವಿ. ಎಲ್ಲವನ್ನೂ ಒದಗಿಸಿದ್ದೇವೆ, ಅವರ ಮಾತಿಗೆ ಕಿವಿಯನ್ನು ಒದಗಿಸಿಲ್ಲ. ಅಂದಿನ ವಿಶ್ವಗುರು ಫ್ರಾನ್ಸಿಸರು 2021ರಲ್ಲಿ, ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬದ ಸಮೀಪದ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ–ಅಜ್ಜಿಯರ ಹಾಗೂ ವೃದ್ಧರ ವಿಶ್ವ ದಿನವನ್ನಾಗಿ ಗೊತ್ತುಪಡಿಸಿದರು. ವರ್ಷಕ್ಕೊಮ್ಮೆ ದೇವಾಲಯದಲ್ಲಿ ಚಪ್ಪಾಳೆ ತಟ್ಟಿದರೆ ಆ ದಿನದ ಋಣ ತೀರುವುದಿಲ್ಲ.

ಎಲ್ಲರಿಗೂ ಕಾರಿಲ್ಲ ಎಂಬುದನ್ನು ಬಲ್ಲೆವು. ಕೆಂಪು ಬಸ್ಸು ಇದೆ. ಪ್ರಯಾಣ ತಾಳಲಾರದವರ ಮಂಚದ ಪಕ್ಕದಲ್ಲಿ ಒಂದು ಸಂಜೆ ಕುಳಿತರೂ ಸಾಕು. ಹುಟ್ಟಿದ ಊರು, ಹೊಲದ ಹೆಸರು, ನೀರು ತಂದ ಬಾವಿ, ಮದುವೆಯ ದಿನದ ಊಟ—ಇವನ್ನು ಕೇಳಿರಿ, ಬರೆದಿಡಿರಿ, ಮೊಮ್ಮಕ್ಕಳನ್ನೂ ಕೂಡಿಸಿಕೊಳ್ಳಿರಿ. ಮುಳುಗಿದ ಊರಿನ ದಾರಿ ಬಲ್ಲವರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಅವರು ಕೈ ತೋರಿಸಬಲ್ಲವರಾಗಿರುವಾಗಲೇ ಜೊತೆಗೆ ಹೋಗೋಣ.